ಮನೆಯಲ್ಲೇ ಬ್ರೇಕ್ ಕೆಲಸ: ಯಾವ ಟೂಲ್ ತರಬೇಕು, ಯಾವುದಕ್ಕೆ ಮನೆಯಲ್ಲಿರುವುದೇ ಸಾಕು?

ಪ್ರಶ್ನೆ: ಸರ್, ನಾವು ಬೆಂಗಳೂರಿನ ವಿಜಯನಗರದವರು. ನಮ್ಮದು ಹನ್ನೆರಡು ವರ್ಷ ಹಳೆಯ ಸಣ್ಣ ಕಾರು. ಮುಂದೆ ಡಿಸ್ಕ್, ಹಿಂದೆ ಡ್ರಮ್, ಎಬಿಎಸ್ ಇಲ್ಲ. ಮುಂದಿನ ಪ್ಯಾಡ್ ಪೂರ್ತಿ ಸವೆದಿದೆ. ಹಿಂದೆ ಎಡಗಡೆ ಚಕ್ರದ ಒಳಮೈ ಒದ್ದೆಯಾಗಿದೆ. ಡ್ರಮ್ಮಿನೊಳಗೆ ಬ್ರೇಕ್ ಒತ್ತುವ ವೀಲ್ ಸಿಲಿಂಡರ್ ಲೀಕ್ ಇರಬೇಕು ಅಂದರು. ಈ ಕೆಲಸ ನಾನೇ ಮಾಡಬೇಕು ಅಂತ ಆಸೆ. ಕಾಲೇಜಿಗೆ ಹೋಗುವ ಮಗ ಜೊತೆಗಿರುತ್ತಾನೆ. ಮನೆಯಲ್ಲಿ ಸ್ಪ್ಯಾನರ್ ಸೆಟ್, ಸುತ್ತಿಗೆ, ಪ್ಲೈಯರ್, ಕಾರಿನ ಜೊತೆ ಬಂದ ಜಾಕ್ ಇವೆ. ಅಮೆರಿಕದಲ್ಲಿರುವ ನನ್ನ ತಮ್ಮ, ಅಲ್ಲಿ ಬಿಡಿಭಾಗದ ಅಂಗಡಿಯವರೇ ಸ್ಪೆಷಲ್ ಟೂಲ್ ಕೊಟ್ಟು ಕಳಿಸುತ್ತಾರೆ ಅನ್ನುತ್ತಾನೆ. ಬೆಂಗಳೂರಲ್ಲಿ ಹಾಗೆ ಬಾಡಿಗೆಗೆ ಸಿಗುತ್ತದೆಯೇ? ಸಿಗದಿದ್ದರೆ ಇರುವುದರಲ್ಲೇ ಹೊಂದಿಸಿಕೊಂಡು ಮಾಡಿದರೆ ತಪ್ಪೇನು?

ಉತ್ತರ: ಮೊದಲು ಒಂದು ಮಾತು. ಚಕ್ರದ ಒಳಗೆ ಒದ್ದೆ ಕಂಡ ಕಾರನ್ನು ಇವತ್ತಿನಿಂದ ರಸ್ತೆಗೆ ಇಳಿಸಬೇಡಿ. ಬ್ರೇಕಿನಲ್ಲಿ ಎರಡು ಸರ್ಕ್ಯೂಟ್ ಇರುತ್ತವೆ, ಒಂದು ಹೋದರೆ ಇನ್ನೊಂದು ಹಿಡಿಯುತ್ತದೆ, ನಿಜ. ಆದರೆ ಆಗ ಪೆಡಲ್ ನೆಲದ ಹತ್ತಿರ ಹೋಗುತ್ತದೆ, ಕಾರು ನಿಲ್ಲುವುದಕ್ಕೆ ಜಾಸ್ತಿ ದೂರ ಬೇಕಾಗುತ್ತದೆ. ಮಾಗಡಿ ರಸ್ತೆಯ ಟ್ರಾಫಿಕ್‌ನಲ್ಲಿ ಆ ದೂರ ಎಲ್ಲಿಂದ ತರುತ್ತೀರಿ? ಸಾಮಾನು ತರಲು ಜೆ.ಸಿ. ರಸ್ತೆಗೆ ಹೋಗುವುದಾದರೆ ಬೈಕಿನಲ್ಲೋ ಬಸ್ಸಿನಲ್ಲೋ ಹೋಗಿ ಬನ್ನಿ.

ಇನ್ನು ನಿಮ್ಮ ಪ್ರಶ್ನೆ. ಹೊಂದಿಸಿಕೊಂಡು ಮಾಡುವುದು ತಪ್ಪಲ್ಲ. ಮೂವತ್ತು ವರ್ಷ ಗ್ಯಾರೇಜಿನಲ್ಲಿ ಕೆಲಸ ಮಾಡಿದವನು ನಾನು. ಅದರಲ್ಲಿ ಮೊದಲ ಹತ್ತು ವರ್ಷ ಸ್ಪೆಷಲ್ ಟೂಲ್ ಅನ್ನುವುದರ ಮುಖವನ್ನೇ ನೋಡಿರಲಿಲ್ಲ. ಆದರೆ ಎಲ್ಲ ಹೊಂದಾಣಿಕೆಯೂ ಒಂದೇ ಅಲ್ಲ. ಪ್ರತಿ ಹೆಜ್ಜೆಗೂ ನಾನು ಕೇಳಿಕೊಳ್ಳುವುದು ಇಷ್ಟೇ: ಈ ಬದಲಿ ಟೂಲ್ ಕೈಕೊಟ್ಟರೆ ನನಗೆ ಅದು ಇಲ್ಲೇ, ಈಗಲೇ ಗೊತ್ತಾಗುತ್ತದೆಯೇ? ಅಥವಾ ತಪ್ಪು ಒಳಗೆ ಅಡಗಿ ಕೂತು, ಮುಂದಿನ ತಿಂಗಳು ಮನೆಯವರನ್ನೆಲ್ಲ ಕೂರಿಸಿಕೊಂಡು ನಂದಿ ಬೆಟ್ಟ ಇಳಿಯುವಾಗ ಗೊತ್ತಾಗುತ್ತದೆಯೇ? ಮೊದಲನೆಯದಾದರೆ ಧೈರ್ಯವಾಗಿ ಇರುವುದರಲ್ಲೇ ಮಾಡಿ. ಸ್ಪ್ರಿಂಗ್ ಜಾರಿತು, ಬೆರಳು ತರಚಿತು, ಅರ್ಧ ಗಂಟೆ ಹಾಳಾಯಿತು, ಅಷ್ಟೇ. ಎರಡನೆಯದಾದರೆ ಸರಿಯಾದ ಟೂಲ್ ಬೇಕೇ ಬೇಕು. ಬಾಡಿಗೆಗೆ ತನ್ನಿ, ಕೊಂಡು ತನ್ನಿ, ಇಲ್ಲವೇ ಆ ಒಂದು ಹೆಜ್ಜೆಯನ್ನು ಮಾತ್ರ ಮೆಕ್ಯಾನಿಕ್ ಕೈಲಿ ಮಾಡಿಸಿ.

ನಿಮ್ಮ ತಮ್ಮ ಹೇಳಿದ್ದು ಸರಿ. ಅಮೆರಿಕದ ದೊಡ್ಡ ಬಿಡಿಭಾಗದ ಅಂಗಡಿಗಳಲ್ಲಿ ಡಿಪಾಸಿಟ್ ಇಟ್ಟು ಟೂಲ್ ಒಯ್ಯಬಹುದು, ವಾಪಸ್ ಕೊಟ್ಟಾಗ ಹಣ ಮರಳಿ ಸಿಗುತ್ತದೆ. ನಮ್ಮ ಜೆ.ಸಿ. ರಸ್ತೆಯಲ್ಲಿ ಆ ಪದ್ಧತಿ ಬೆಳೆಯಲಿಲ್ಲ. ಇಲ್ಲಿ ಬಾಡಿಗೆಗೆ ಸಿಗುವುದು ಹೆಚ್ಚಾಗಿ ಕಟ್ಟಡ ಕೆಲಸದ ಸಾಮಾನು: ಡ್ರಿಲ್, ಕಟರ್, ಬ್ರೇಕರ್ ಮಷೀನ್, ಕಂಪ್ರೆಸರ್. ಬ್ರೇಕಿನ ಟೂಲ್ ಬೇಕೆಂದರೆ ದಾರಿ ಎರಡು. ಒಂದು, ನಿಮ್ಮ ಏರಿಯಾದ ಗ್ಯಾರೇಜು. ಮೆಕ್ಯಾನಿಕ್‌ಗಳು ಟೂಲ್ ಹೊರಗೆ ಕೊಡಲು ಹಿಂಜರಿಯುತ್ತಾರೆ, ಅದಕ್ಕೆ ಬೇಜಾರಾಗಬೇಡಿ. ಆಯುಧ ಪೂಜೆಯ ದಿನ ಅರಿಶಿನ ಕುಂಕುಮ ಹಚ್ಚಿ ಸಾಲಾಗಿ ಇಟ್ಟ ಸ್ಪ್ಯಾನರ್‌ಗಳನ್ನು ನೋಡಿದ್ದೀರಿ ಅಲ್ವಾ? ಅದು ಅವರ ಅನ್ನ. ಡಿಪಾಸಿಟ್ ಕೊಡಿ, ಸಂಜೆಗೆ ಒರೆಸಿ ವಾಪಸ್ ಕೊಡಿ, ಬಿಡಿಭಾಗವನ್ನೂ ಅವರ ಮೂಲಕವೇ ತರಿಸಿ. ಒಂದು ಸಲ ನಂಬಿಕೆ ಬಂದರೆ ಮುಂದಿನ ಸಲ ಕೇಳುವುದೇ ಬೇಡ. ಎರಡು, ಎಸ್.ಪಿ. ರಸ್ತೆ. ಅಮೆರಿಕದವರು ಬಾಡಿಗೆಗೆ ತರುವ ಎಷ್ಟೋ ಟೂಲ್‌ಗಳು ಅಲ್ಲಿ ಕೆಲವೇ ನೂರು ರೂಪಾಯಿಗೆ ಸ್ವಂತಕ್ಕೇ ಸಿಗುತ್ತವೆ. ಹಾಗಾಗಿ ನಮ್ಮೂರಲ್ಲಿ ಯೋಚಿಸಬೇಕಾದ್ದು ಬಾಡಿಗೆಯ ಬಗ್ಗೆ ಕಮ್ಮಿ, ಯಾವುದನ್ನು ಕೊಳ್ಳಬೇಕು ಅನ್ನುವುದರ ಬಗ್ಗೆ ಜಾಸ್ತಿ.

ಕಾರು ಎತ್ತುವುದರಿಂದ ಶುರು ಮಾಡೋಣ. ಇದರಲ್ಲಿ ಹೊಂದಾಣಿಕೆ ಅನ್ನುವ ಮಾತೇ ಬೇಡ. ಕಾರಿನ ಜೊತೆ ಬಂದ ಜಾಕ್ ಇರುವುದು ಸ್ಟೆಪ್ನಿ ಬದಲಾಯಿಸುವುದಕ್ಕೆ. ಅದರ ಮೇಲೆ ನಿಂತ ಕಾರಿನ ಕೆಳಗೆ ಕೈಯಾಗಲಿ ತಲೆಯಾಗಲಿ ಹೋಗಬಾರದು. ಒಂದು ಜೊತೆ ಜಾಕ್ ಸ್ಟ್ಯಾಂಡ್ ಕೊಳ್ಳಿ. ಬೆಂಗಳೂರಿನಲ್ಲಿ ಯಾವ ಬೀದಿಗೆ ಹೋದರೂ ಮನೆ ಕಟ್ಟುತ್ತಿರುತ್ತಾರೆ, ಹಾಲೋ ಬ್ಲಾಕ್ ಕೈಗೆ ಸಿಗುತ್ತದೆ, ಅದನ್ನೇ ಕಾರಿನ ಕೆಳಗೆ ಕೊಡೋಣ ಅನಿಸುತ್ತದೆ. ದಯವಿಟ್ಟು ಬೇಡ. ಗೋಡೆಯಲ್ಲಿ ಬ್ಲಾಕಿನ ಮೇಲೆ ಭಾರ ಅಗಲವಾಗಿ ಹರಡುತ್ತದೆ. ಕಾರಿನ ಕೆಳಗೆ ಭಾರವೆಲ್ಲ ಒಂದು ಅಂಗೈ ಅಗಲದ ಜಾಗದ ಮೇಲೆ ಬೀಳುತ್ತದೆ. ಬ್ಲಾಕ್ ಮೊದಲು ಬಿರುಕು ತೋರಿಸಿ ಆಮೇಲೆ ಒಡೆಯುವುದಿಲ್ಲ, ಒಮ್ಮೆಗೇ ಪುಡಿಯಾಗುತ್ತದೆ. ಇಟ್ಟಿಗೆಯದೂ ಇದೇ ಕಥೆ. ಸ್ಟ್ಯಾಂಡ್ ಎರವಲು ತಂದರೆ ವೆಲ್ಡಿಂಗ್ ಬಿರುಕು ಬಿಟ್ಟಿದೆಯೇ, ಹಲ್ಲು ಸರಿಯಾಗಿ ಕಚ್ಚುತ್ತದೆಯೇ ನೋಡಿ.

ಅದೇ ಕಟ್ಟಡಗಳ ಹತ್ತಿರ ಸಿಗುವ ಸೈಜುಗಲ್ಲು ಮಾತ್ರ ಬೇರೆ ಕಡೆ ಉಪಯೋಗಕ್ಕೆ ಬರುತ್ತದೆ. ನೆಲದ ಮೇಲೇ ಇರುವ ಚಕ್ರಗಳಿಗೆ ಹಿಂದೆ ಮುಂದೆ ಅಡ್ಡ ಕೊಡಲು ಅದಕ್ಕಿಂತ ಒಳ್ಳೆಯದು ಇಲ್ಲ. ಹಿಂದಿನ ಚಕ್ರ ಎತ್ತಿದಾಗ ಹ್ಯಾಂಡ್‌ಬ್ರೇಕ್ ಬಿಡಲೇಬೇಕು, ಇಲ್ಲದಿದ್ದರೆ ಡ್ರಮ್ ಬರುವುದಿಲ್ಲ. ಆಗ ಕಾರನ್ನು ಹಿಡಿದು ನಿಲ್ಲಿಸುವುದು ಗೇರ್ ಮತ್ತು ಆ ಕಲ್ಲು ಮಾತ್ರ. ನಮ್ಮ ಕಡೆ ಎಷ್ಟೋ ಮನೆಗಳ ಮುಂದೆ ರ‍್ಯಾಂಪ್ ಇರುತ್ತದೆ. ಅಲ್ಲಿ ಈ ಕೆಲಸ ಬೇಡ, ಸಮತಟ್ಟು ಜಾಗ ಹುಡುಕಿ. ಇಂಟರ್‌ಲಾಕ್ ಇಟ್ಟಿಗೆಯ ನೆಲವಾದರೆ ಜಾಕ್ ಕೆಳಗೆ ದಪ್ಪ ಪ್ಲೈವುಡ್ ತುಂಡು ಹಾಕಿ. ಬಿಚ್ಚಿದ ಚಕ್ರವನ್ನು ಗೋಡೆಗೆ ಒರಗಿಸುವ ಬದಲು ಕಾರಿನ ಅಂಚಿನ ಕೆಳಗೆ ಮಲಗಿಸಿಡಿ. ಸ್ಟ್ಯಾಂಡ್ ಜಾರಿದರೂ ಕಾರು ಅದರ ಮೇಲೆ ಕೂರುತ್ತದೆ.

ಮುಂದಿನ ಪ್ಯಾಡ್ ಬದಲಾಯಿಸುವುದು ಸುಲಭ. ಹೊಸ ಪ್ಯಾಡ್ ದಪ್ಪ ಇರುವುದರಿಂದ, ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಪಿಸ್ಟನ್ನನ್ನು ಒಳಗೆ ತಳ್ಳಬೇಕು. ಅದಕ್ಕೆ ಪಿಸ್ಟನ್ ಟೂಲ್ ಅಂತ ಮಾರುತ್ತಾರೆ. ಬೇಡ. ಬಡಗಿಗಳು ಮರ ಹಿಡಿಸಲು ಬಳಸುವ ಸಿ ಕ್ಲಾಂಪ್ ಸಾಕು. ಹಳೆಯ ಪ್ಯಾಡನ್ನೇ ಪಿಸ್ಟನ್ ಮೇಲೆ ಇಟ್ಟು, ಅದರ ಮೇಲೆ ಕ್ಲಾಂಪ್ ಹಾಕಿ ನಿಧಾನಕ್ಕೆ ತಿರುಗಿಸಿ. ಪಿಸ್ಟನ್ ನೇರವಾಗಿ ಒಳಗೆ ಹೋಗುತ್ತದೆ. ಕೈಬಲಕ್ಕೆ ಹೋಗದಿದ್ದರೆ ಪಿಸ್ಟನ್ ಜಾಮ್ ಆಗಿದೆ ಅಂತ ಅರ್ಥ, ಕ್ಯಾಲಿಪರ್ ಬಿಚ್ಚಿಸಿ ಹೊಸ ಸೀಲಿನ ಕಿಟ್ ಹಾಕಿಸಬೇಕು. ಬಲ ಹಾಕಬೇಡಿ. ನೋಡಿ, ಇದು ಕಣ್ಣೆದುರೇ ಗೊತ್ತಾಗುವ ಜಾತಿಯ ತಪ್ಪು. ಆದರೆ ಡಿಸ್ಕ್ ಮತ್ತು ಪ್ಯಾಡ್ ನಡುವೆ ಸ್ಕ್ರೂಡ್ರೈವರ್ ತೂರಿಸಿ ಮೀಟುವುದನ್ನು ನೋಡಿರುತ್ತೀರಿ. ಅದರಲ್ಲಿ ಪಿಸ್ಟನ್ ಓರೆಯಾಗುತ್ತದೆ, ಡಿಸ್ಕಿಗೆ ಗೀರು ಬೀಳುತ್ತದೆ.

ಪಿಸ್ಟನ್ ಒಳಗೆ ಹೋದಂತೆ ಮೇಲೆ ಬಾನೆಟ್ ಒಳಗಿರುವ ಡಬ್ಬಿಯಲ್ಲಿ ಬ್ರೇಕ್ ಫ್ಲೂಯಿಡ್ ಏರುತ್ತದೆ, ತುಂಬಿ ಹೊರಗೆ ಚೆಲ್ಲಬಹುದು. ಬಣ್ಣದ ಮೇಲೆ ಬಿದ್ದರೆ ಬಣ್ಣ ಎದ್ದು ಬರುತ್ತದೆ. ಮೆಡಿಕಲ್ ಸ್ಟೋರಿನ ದೊಡ್ಡ ಸಿರಿಂಜಿನಲ್ಲಿ ಮೊದಲೇ ಸ್ವಲ್ಪ ಎಳೆದು ತೆಗೆಯಿರಿ. ಚೆಲ್ಲಿದರೆ ಒರೆಸುತ್ತಾ ಕೂರಬೇಡಿ, ತಕ್ಷಣ ಜಾಸ್ತಿ ನೀರು ಹಾಕಿ ತೊಳೆಯಿರಿ. ಬಿಚ್ಚಿದ ಕ್ಯಾಲಿಪರನ್ನು ರಬ್ಬರ್ ಹೋಸಿನಲ್ಲಿ ನೇತಾಡಲು ಬಿಡಬಾರದು. ಹೋಸಿನ ಒಳಪದರ ಹರಿದರೆ ಹೊರಗಿನಿಂದ ಏನೂ ಕಾಣುವುದಿಲ್ಲ. ಸ್ಪೆಷಲ್ ಕೊಕ್ಕೆ ಬೇಕಿಲ್ಲ, ಕಂಬಿ ಕಟ್ಟುವ ಬೈಂಡಿಂಗ್ ವೈರಿನ ಒಂದು ತುಂಡಿನಿಂದ ಸಸ್ಪೆನ್ಷನ್ ಸ್ಪ್ರಿಂಗಿಗೆ ಕಟ್ಟಿ.

ಇಲ್ಲಿ ಟೂಲಿಗಿಂತ ಹೆಚ್ಚಾಗಿ ಗ್ರೀಸಿನಲ್ಲಿ ಜನ ಎಡವುತ್ತಾರೆ. ಕ್ಯಾಲಿಪರ್ ಜಾರುವ ಪಿನ್ನಿಗೆ ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್ ಬೇಕು. ಮನೆಯಲ್ಲಿದೆ ಅಂತ ಬೇರಿಂಗ್ ಗ್ರೀಸೋ ವ್ಯಾಸಲೀನೋ ಹಚ್ಚಿದರೆ ಅವತ್ತು ಚೆನ್ನಾಗೇ ಜಾರುತ್ತದೆ. ಕೆಲವು ತಿಂಗಳಲ್ಲಿ ಪಿನ್ನಿನ ರಬ್ಬರ್ ಊದಿಕೊಂಡು ಪಿನ್ ಹಿಡಿದುಕೊಳ್ಳುತ್ತದೆ. ಆಗ ಒಳಗಿನ ಪ್ಯಾಡ್ ಒಂದೇ ಸವೆಯುತ್ತದೆ, ಚಕ್ರ ಬಿಸಿಯಾಗುತ್ತದೆ. ಕಾರಣ ಗ್ರೀಸ್ ಅಂತ ಯಾರಿಗೂ ಹೊಳೆಯುವುದಿಲ್ಲ. ಡಿಸ್ಕ್ ಒರೆಸಲು ಸೀಮೆಎಣ್ಣೆಯೂ ಬೇಡ, ಅದು ಎಣ್ಣೆಯ ಪದರ ಉಳಿಸುತ್ತದೆ. ಬ್ರೇಕ್ ಕ್ಲೀನರ್ ಸ್ಪ್ರೇ ಸಿಗದಿದ್ದರೆ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸರ್ಕ್ಯೂಟ್ ಬೋರ್ಡ್ ತೊಳೆಯಲು ಮಾರುವ ಐಸೊಪ್ರೊಪೈಲ್ ಆಲ್ಕೋಹಾಲ್ ತನ್ನಿ. ಒಣಗಿದ ಮೇಲೆ ಅದು ಏನನ್ನೂ ಉಳಿಸುವುದಿಲ್ಲ. ಬೆಂಕಿಯಿಂದ ದೂರ ಇಡಿ ಅಷ್ಟೇ.

ಪ್ಯಾಡ್ ಹಾಕುವ ಮುಂಚೆ ಡಿಸ್ಕಿನ ದಪ್ಪ ಅಳೆಯಿರಿ. ಎಷ್ಟಕ್ಕಿಂತ ತೆಳುವಾಗಬಾರದು ಅನ್ನುವುದನ್ನು ಸಾಮಾನ್ಯವಾಗಿ ಡಿಸ್ಕಿನ ಮೇಲೇ ಅಚ್ಚು ಹಾಕಿರುತ್ತಾರೆ. ಸವೆದ ಡಿಸ್ಕಿನ ಅಂಚಿನಲ್ಲಿ ಒಂದು ದಿಣ್ಣೆ ಉಳಿದಿರುತ್ತದೆ. ವರ್ನಿಯರ್ ಆ ದಿಣ್ಣೆಗೆ ತಗಲಿ ದಪ್ಪ ಜಾಸ್ತಿ ತೋರಿಸುತ್ತದೆ. ಇದಕ್ಕೆ ಚೂಪು ಮೂತಿಯ ಬೇರೆ ಅಳತೆ ಟೂಲ್ ಇದೆ, ಆದರೆ ಒಂದು ರೂಪಾಯಿಯ ಎರಡು ನಾಣ್ಯ ಸಾಕು. ದಿಣ್ಣೆಯ ಒಳಗಡೆ ಡಿಸ್ಕಿನ ಎರಡೂ ಮೈಗೆ ಒಂದೊಂದು ನಾಣ್ಯ ಇಟ್ಟು, ಮೂರನ್ನೂ ಸೇರಿಸಿ ಅಳೆಯಿರಿ. ಆಮೇಲೆ ನಾಣ್ಯ ಎರಡನ್ನೇ ಅಳೆದು ಕಳೆಯಿರಿ. ನನ್ನ ಕೈಕೆಳಗೆ ಕಲಿತ ಹುಡುಗರಿಗೆಲ್ಲ ಇದನ್ನು ಮೊದಲ ವಾರವೇ ಹೇಳಿಕೊಟ್ಟಿದ್ದೇನೆ.

ಈಗ ಬಿಗಿ ಮಾಡುವ ವಿಷಯ. ಇಟ್ಟ ಬಿಗಿ ಮುಟ್ಟಿದಾಗ ಟಕ್ ಅನ್ನುವ ಟಾರ್ಕ್ ರೆಂಚ್ ಬೇಕೇ? ಬೇಕು. ಕ್ಯಾಲಿಪರಿನ ಪಿನ್ ಬೋಲ್ಟ್ ಸಣ್ಣ ಕಾರುಗಳಲ್ಲಿ ಸುಮಾರು 25ರಿಂದ 35 ನ್ಯೂಟನ್ ಮೀಟರ್ ಬಿಗಿಯಲ್ಲಿ ಕೂರುತ್ತದೆ. ನಿಮ್ಮ ಕಾರಿನ ಸರಿಯಾದ ಅಂಕಿ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಉದ್ದ ಹಿಡಿಯ ಸ್ಪ್ಯಾನರ್ ಹಿಡಿದು ಮೈಬಲ ಹಾಕಿದರೆ ಅದರ ಎರಡರಷ್ಟು ಸಲೀಸಾಗಿ ಆಗಿಬಿಡುತ್ತದೆ, ಬೋಲ್ಟಿನ ದಾರ (ಥ್ರೆಡ್) ಎಳೆದುಹೋಗುತ್ತದೆ. ಕಮ್ಮಿಯಾದರೆ ಓಡುವಾಗ ಸಡಿಲವಾಗುತ್ತದೆ. ಎರಡೂ ಅಡಗಿ ಕೂರುವ ತಪ್ಪುಗಳೇ. ಎರವಲು ಸಿಕ್ಕರೆ ತನ್ನಿ, ಆದರೆ ಸುಮ್ನೆ ನಂಬಬೇಡಿ. ಎಷ್ಟೋ ಗ್ಯಾರೇಜುಗಳಲ್ಲಿ ಟಾರ್ಕ್ ರೆಂಚನ್ನು ಬಿಗಿ ಸೆಟ್ಟಿಂಗಿನಲ್ಲೇ ವರ್ಷಗಟ್ಟಲೆ ಡ್ರಾಯರಿನಲ್ಲಿ ಇಟ್ಟಿರುತ್ತಾರೆ, ಒಳಗಿನ ಸ್ಪ್ರಿಂಗ್ ಸೋತಿರುತ್ತದೆ.

ಪರೀಕ್ಷೆ ಮಾಡಲು ನಮ್ಮ ಮನೆಗಳಲ್ಲೇ ತೂಕದ ಕಲ್ಲು ಇದೆ: 20 ಲೀಟರಿನ ನೀರಿನ ಕ್ಯಾನ್. ತುಂಬಿದ ಕ್ಯಾನ್ ಹತ್ತಿರ ಹತ್ತಿರ 20.7 ಕೆ.ಜಿ. ತೂಗುತ್ತದೆ. ರೆಂಚಿನ ಚೌಕ ತಲೆಯನ್ನು ವೈಸಿನಲ್ಲಿ ಹಿಡಿಸಿ, ಹಿಡಿ ನೆಲಕ್ಕೆ ಅಡ್ಡವಾಗಿ ನಿಲ್ಲುವಂತೆ ಮಾಡಿ. ತಲೆಯ ನಡುವಿನಿಂದ 42 ಸೆ.ಮೀ. ದೂರದಲ್ಲಿ ಹಗ್ಗದಿಂದ ಕ್ಯಾನ್ ನೇತುಹಾಕಿ. ಅಲ್ಲಿ ಆಗುವ ತಿರುಚುವ ಬಲ ಸುಮಾರು 85 ನ್ಯೂಟನ್ ಮೀಟರ್. ಸೆಟ್ಟಿಂಗ್ 80ಕ್ಕೆ ಇಟ್ಟರೆ ಟಕ್ ಅನ್ನಬೇಕು, 95ಕ್ಕೆ ಇಟ್ಟರೆ ಅನ್ನಬಾರದು. ಹಲವು ಸಣ್ಣ ಕಾರುಗಳ ಚಕ್ರದ ನಟ್ ಬಿಗಿಯೂ ಈ 85ರ ಆಸುಪಾಸಿನಲ್ಲೇ ಇರುತ್ತದೆ.

ಟಾರ್ಕ್ ರೆಂಚ್ ಸಿಗಲೇ ಇಲ್ಲ ಅಂದರೆ ಇನ್ನೊಂದು ದಾರಿ ಇದೆ. ಊರಿಗೆ ಹೋಗುವಾಗ ಸೂಟ್‌ಕೇಸ್ ತೂಗುವ ಕೊಕ್ಕೆ ತಕ್ಕಡಿ ಇರುತ್ತದಲ್ಲ, ಅದು. ಸ್ಪ್ಯಾನರಿನ ಹಿಡಿಗೆ, ಬೋಲ್ಟಿನ ನಡುವಿನಿಂದ 25 ಸೆ.ಮೀ. ದೂರದಲ್ಲಿ ಕೊಕ್ಕೆ ಸಿಕ್ಕಿಸಿ, ಹಿಡಿಗೆ ಲಂಬವಾಗಿ ಎಳೆಯಿರಿ. ತಕ್ಕಡಿ 11 ಕೆ.ಜಿ. ತೋರಿಸಿದಾಗ ಬೋಲ್ಟ್ ಮೇಲೆ 27 ನ್ಯೂಟನ್ ಮೀಟರ್ ಬಿದ್ದಿರುತ್ತದೆ. ಓರೆಯಾಗಿ ಎಳೆದರೆ ಲೆಕ್ಕ ತಪ್ಪುತ್ತದೆ. ಇಂಥ ಹೊಂದಾಣಿಕೆ ನನಗೆ ಇಷ್ಟ. ಇದರಲ್ಲಿ ಊಹೆ ಇಲ್ಲ, ಅಳತೆ ಇದೆ.

ಹಿಂದಿನ ಡ್ರಮ್ಮಿಗೆ ಬರೋಣ. ಕೆಲವು ಕಾರುಗಳಲ್ಲಿ ಡ್ರಮ್ ಬೇರೆ, ಹಬ್ ಬೇರೆ. ಅಲ್ಲಿ ಡ್ರಮ್ಮಿನ ಮುಖದಲ್ಲಿ ದಾರ ಇರುವ ಎರಡು ತೂತು ಇರುತ್ತವೆ. ಅವಕ್ಕೆ ಎರಡು 8 ಎಂ.ಎಂ. ಬೋಲ್ಟ್ ಹಾಕಿ, ಒಂದೊಂದನ್ನೇ ಕಾಲು ಸುತ್ತು ಬಿಗಿಮಾಡುತ್ತಾ ಬಂದರೆ ಡ್ರಮ್ ತಾನಾಗಿ ಕಳಚಿಕೊಳ್ಳುತ್ತದೆ. ಪುಲ್ಲರ್ ಬೇಡ, ಸುತ್ತಿಗೆ ಏಟೂ ಬೇಡ. ಇನ್ನು ಕೆಲವು ಕಾರುಗಳಲ್ಲಿ ಡ್ರಮ್ಮಿನೊಳಗೇ ಬೇರಿಂಗ್ ಇರುತ್ತದೆ, ನಡುವಿನ ದೊಡ್ಡ ನಟ್ ಬಿಚ್ಚಿದರೆ ಮಾತ್ರ ಬರುತ್ತದೆ. ಆ ನಟ್ ತುಂಬಾ ಬಿಗಿ ಇರುತ್ತದೆ, ಹಾಕುವಾಗ ಹೊಸದೇ ಬೇಕು, ಅದೂ ಟಾರ್ಕ್ ರೆಂಚಿನಲ್ಲೇ. ನಿಮ್ಮ ಕಾರಿನದು ಈ ಎರಡನೆಯ ಬಗೆಯಾದರೆ, ಮೊದಲ ಸಲ ಗ್ಯಾರೇಜಿನವರನ್ನು ಮನೆಗೆ ಕರೆಸಿ ಅವರ ಪಕ್ಕದಲ್ಲಿ ನಿಂತು ನೋಡಿ ಅನ್ನುತ್ತೇನೆ.

ಒಳಗಿನ ಕಪ್ಪು ಧೂಳನ್ನು ಊದಬೇಡಿ, ಕಂಪ್ರೆಸರ್ ಗಾಳಿಯನ್ನಂತೂ ಬಿಡಲೇಬೇಡಿ. ಹಳೆಯ ಲೈನರ್‌ಗಳಲ್ಲಿ, ಅಂದರೆ ಡ್ರಮ್ಮಿಗೆ ಉಜ್ಜುವ ಶೂ ಮೇಲಿನ ಪದರದಲ್ಲಿ, ಆಸ್ಬೆಸ್ಟಾಸ್ ಇರಬಹುದು, ಅದು ಶ್ವಾಸಕೋಶದಲ್ಲಿ ಉಳಿದುಬಿಡುತ್ತದೆ. ಸ್ಪ್ರೇ ಬಾಟಲಿಯಲ್ಲಿ ಸೋಪಿನ ನೀರು ಹಾಕಿ ನೆನೆಸಿ, ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಬಿಸಾಡಿ. ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಒಂದು ಕಡೆಯ ಚಕ್ರ ಪೂರ್ತಿ ಮುಗಿಯುವ ತನಕ ಇನ್ನೊಂದನ್ನು ಮುಟ್ಟಬೇಡಿ, ಯಾವ ಸ್ಪ್ರಿಂಗ್ ಎಲ್ಲಿ ಅಂತ ಅದೇ ನಿಮಗೆ ಪಾಠ. ಸ್ಪ್ರಿಂಗ್ ಎಳೆಯಲು ಸ್ಪೆಷಲ್ ಪ್ಲೈಯರ್ ಇದೆ. ಅದು ಇಲ್ಲದೆ ನಾನು ಸಾವಿರಾರು ಸ್ಪ್ರಿಂಗ್ ಹಾಕಿದ್ದೇನೆ. ಗಟ್ಟಿ ನೈಲಾನ್ ಹಗ್ಗವನ್ನು ಸ್ಪ್ರಿಂಗಿನ ಕೊಕ್ಕೆಗೆ ಸಿಕ್ಕಿಸಿ ಎಳೆದರೆ ಸಾಕು. ಆದರೆ ಕಣ್ಣಿಗೆ ಕನ್ನಡಕ ಇರಲಿ, ನಿಮಗೂ ಮಗನಿಗೂ. ಫ್ಲೂಯಿಡ್ ಕುಡಿದ ಲೈನರ್ ತೊಳೆದರೂ ಬಿಸಿಲಿಗಿಟ್ಟರೂ ಸರಿಹೋಗುವುದಿಲ್ಲ. ಎರಡೂ ಚಕ್ರಕ್ಕೆ ಹೊಸ ಶೂ ಹಾಕಿ. ಒಂದೇ ಕಡೆ ಹಾಕಿದರೆ ಬ್ರೇಕ್ ಒಂದು ಪಕ್ಕಕ್ಕೆ ಎಳೆಯುತ್ತದೆ.

ಇಲ್ಲಿಂದ ಮುಂದೆ ತುಂಬಾ ಹುಷಾರಾಗಿರಬೇಕು. ವೀಲ್ ಸಿಲಿಂಡರಿಗೆ ಬಂದು ಸೇರುವ ಕಬ್ಬಿಣದ ಸಣ್ಣ ಪೈಪಿನ ನಟ್. ಕೆಲಸಕ್ಕೆ ಸೇರಿದ ಎರಡನೆಯ ವರ್ಷ, ನೆಂಟರೊಬ್ಬರ ಕಾರು. ಭಾನುವಾರ, ಮನೆಯ ಮುಂದೆ. ಕೈಗೆ ಸಿಕ್ಕ ಸಾದಾ 10ರ ಸ್ಪ್ಯಾನರ್ ಹಾಕಿ ಎಳೆದೆ. ಜಾರಿತು. ಇನ್ನೊಮ್ಮೆ ಎಳೆದೆ. ನಟ್ಟಿನ ಮೂಲೆಗಳು ಸವೆದು ದುಂಡಗಾದವು. ವೈಸ್ ಗ್ರಿಪ್ ಹಾಕಿ ತಿರುಗಿಸಿದೆ. ನಟ್ ತಿರುಗಿತು, ಜೊತೆಗೆ ತುಕ್ಕು ಹಿಡಿದು ಅಂಟಿಕೊಂಡಿದ್ದ ಪೈಪೂ ತಿರುಗಿತು. ಪೈಪ್ ತಿರುಚಿ ಸೀಳಿತು. ಆ ಪೈಪು ಹಿಂದಿನಿಂದ ಮುಂದಿನವರೆಗೆ ಒಂದೇ ತುಂಡು. ಕಾರು ಮೂರು ದಿನ ಮನೆಯ ಮುಂದೆ ನಿಂತಿತು, ಅವರ ಮನೆಯಲ್ಲಿ ಆ ವಾರ ಇದ್ದ ನಾಮಕರಣಕ್ಕೆ ಆಟೋದಲ್ಲಿ ಓಡಾಡಿದರು. ಈಗಲೂ ಆ ನಟ್ ಬಿಚ್ಚುವಾಗ ನನಗೆ ಅದು ನೆನಪಿಗೆ ಬರುತ್ತದೆ.

ಅದಕ್ಕೆಂದೇ ಒಂದು ಸ್ಪ್ಯಾನರ್ ಇದೆ, ಫ್ಲೇರ್ ನಟ್ ಸ್ಪ್ಯಾನರ್ ಅನ್ನುತ್ತಾರೆ. ರಿಂಗ್ ಸ್ಪ್ಯಾನರಿನಂತೆಯೇ, ಆದರೆ ಪೈಪ್ ತೂರಿಸಲು ಒಂದು ಕಡೆ ಬಾಯಿ ಬಿಟ್ಟಿರುತ್ತದೆ. ಸಾದಾ ಸ್ಪ್ಯಾನರ್ ನಟ್ಟಿನ ಎರಡೇ ಮುಖ ಹಿಡಿದರೆ ಇದು ಹೆಚ್ಚು ಕಮ್ಮಿ ಎಲ್ಲ ಮುಖವನ್ನೂ ತಬ್ಬುತ್ತದೆ. ನಿಮ್ಮ ನಟ್ಟಿನ ಅಳತೆ ನೋಡಿಕೊಂಡು, ಬಾಡಿಗೆ ಎರವಲು ಅಂತ ಯೋಚಿಸದೆ ಇದನ್ನು ಕೊಂಡುಬಿಡಿ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ, ಶೂ ಮೇಲೆ ಬೀಳದಂತೆ. ಬೆಳಗ್ಗೆ ಮೊದಲು ಒಂದು ಕೂದಲೆಳೆಯಷ್ಟು ಬಿಗಿ ಮಾಡುವ ಕಡೆಗೆ ತಿರುಗಿಸಿ, ಆಮೇಲೆ ಬಿಚ್ಚಿ. ಪೈಪ್ ಜೊತೆಗೇ ತಿರುಗುತ್ತಿದೆ ಅನಿಸಿದರೆ ನಿಲ್ಲಿಸಿ.

ಪೈಪ್ ಒಡೆದರೆ ಅದು ನಿಮ್ಮ ಕೆಲಸ ಅಲ್ಲ, ನೇರವಾಗಿ ಹೇಳುತ್ತೇನೆ. ಪೈಪಿನ ತುದಿಯನ್ನು ಮಡಚಿ ಡಬಲ್ ಫ್ಲೇರ್ ಮಾಡಬೇಕು. ಫ್ರಿಜ್ ರಿಪೇರಿಯವರ ಹತ್ತಿರ ಇರುವ ಫ್ಲೇರಿಂಗ್ ಟೂಲ್ ನೋಡಲು ಹಾಗೇ ಇರುತ್ತದೆ, ಆದರೆ ಅದರಲ್ಲಿ ಆಗುವುದು ಒಂದೇ ಮಡಿಕೆ. ಜೋರಾಗಿ ಬ್ರೇಕ್ ಒತ್ತಿದಾಗ ಪೈಪಿನೊಳಗೆ 100 ಬಾರ್ ಮುಟ್ಟುವ ಒತ್ತಡ ಬರುತ್ತದೆ. ನಿಮ್ಮ ಟೈರಿನ ಗಾಳಿ ಎರಡು ಚಿಲ್ಲರೆ ಬಾರ್. ಒಂದೇ ಮಡಿಕೆ ಮನೆಯಲ್ಲಿ ಲೀಕ್ ತೋರಿಸುವುದಿಲ್ಲ, ದಿನ ಕಳೆದಂತೆ ಅದುರಿ ಅದುರಿ ಬಿರುಕು ಬಿಡುತ್ತದೆ. ಫ್ರಿಜ್ಜಿನ ತಾಮ್ರದ ಪೈಪ್ ಹಾಕುವುದೂ ಇದೇ ಕಾರಣಕ್ಕೆ ಕೂಡದು. ಕಾರಿನ ಕಂಪನಿಯ ಪೈಪ್ ತರಿಸಿ ಹಾಕಿಸಿ.

ಪೈಪ್ ಬಿಚ್ಚಿದ ಮೇಲೆ ಫ್ಲೂಯಿಡ್ ತೊಟ್ಟಿಕ್ಕುತ್ತಲೇ ಇರುತ್ತದೆ. ಅದನ್ನು ನಿಲ್ಲಿಸಲು ರಬ್ಬರ್ ಹೋಸನ್ನು ವೈಸ್ ಗ್ರಿಪ್ಪಿನಲ್ಲಿ ಹಿಸುಕುವವರಿದ್ದಾರೆ. ಇದು ಕೆಟ್ಟ ಅಭ್ಯಾಸ. ಒಳಪದರ ಸೀಳಿ ಕವಾಟದ ಹಾಗೆ ಮುಚ್ಚಿಕೊಳ್ಳುತ್ತದೆ, ಬ್ರೇಕ್ ಹಿಡಿದದ್ದು ಬಿಡುವುದಿಲ್ಲ. ಬದಲಿಗೆ, ಪೈಪ್ ಬಿಚ್ಚುವ ಮುಂಚೆಯೇ ಪೊರಕೆ ಕೋಲಿನಂಥ ಒಂದು ಕೋಲನ್ನು ಪೆಡಲಿಗೂ ಸೀಟಿಗೂ ನಡುವೆ ಕೊಟ್ಟು ಪೆಡಲನ್ನು ಮೂರು ನಾಲ್ಕು ಸೆ.ಮೀ. ಒತ್ತಿ ಇಡಿ. ಪೆಡಲ್ ಒತ್ತಿದಾಗ ಫ್ಲೂಯಿಡ್ ತಳ್ಳುವ ಮಾಸ್ಟರ್ ಸಿಲಿಂಡರಿನೊಳಗೆ ಡಬ್ಬಿಯಿಂದ ಬರುವ ದಾರಿ ಮುಚ್ಚಿಕೊಂಡು ತೊಟ್ಟಿಕ್ಕುವುದು ನಿಲ್ಲುತ್ತದೆ. ಆ ಹೊತ್ತಿನಲ್ಲಿ ಬ್ರೇಕ್ ಲೈಟ್ ಉರಿಯುತ್ತಿರುತ್ತದೆ, ಕೆಲಸ ತಡವಾಗುವುದಾದರೆ ಬ್ಯಾಟರಿಯ ವೈರ್ ಬಿಚ್ಚಿಡಿ.

ಕೊನೆಗೆ ಬ್ಲೀಡಿಂಗ್, ಅಂದರೆ ಒಳಗೆ ಸೇರಿದ ಗಾಳಿ ತೆಗೆಯುವುದು. ವ್ಯಾಕ್ಯೂಮ್ ಪಂಪ್ ಬಾಡಿಗೆಗೆ ಹುಡುಕಬೇಡಿ, ನಿಮ್ಮ ಹತ್ತಿರ ಮಗ ಇದ್ದಾನೆ. ಮೀನಿನ ತೊಟ್ಟಿಗೆ ಹಾಕುವ ಪಾರದರ್ಶಕ ಟ್ಯೂಬ್ ಒಂದು ಮೀಟರ್ ತನ್ನಿ. ಒಂದು ತುದಿ ಗಾಳಿ ಬಿಡುವ ನಿಪ್ಪಲ್ಲಿಗೆ, ಇನ್ನೊಂದು ತುದಿ ಸ್ವಲ್ಪ ಹೊಸ ಫ್ಲೂಯಿಡ್ ಇರುವ ಬಾಟಲಿಯೊಳಗೆ ಮುಳುಗಿರಲಿ. ಮಗ ಪೆಡಲ್ ಒತ್ತಿ ಹಿಡಿಯಬೇಕು. ನೀವು ನಿಪ್ಪಲ್ ಬಿಚ್ಚಿ, ಗುಳ್ಳೆ ಹೋದ ಮೇಲೆ ಮುಚ್ಚಬೇಕು. ಮುಚ್ಚಿದೆ ಅಂತ ನೀವು ಹೇಳಿದ ಮೇಲೇ ಅವನು ಕಾಲು ತೆಗೆಯಬೇಕು. ಇಬ್ಬರೂ ಮಾತನ್ನು ಜೋರಾಗಿ ಹೇಳಿಕೊಳ್ಳಿ. ಪೆಡಲ್ ಕೆಳಗೆ ಒಂದು ಮರದ ತುಂಡು ಇಡಿ. ಹಳೆಯ ಕಾರಿನಲ್ಲಿ ಪೆಡಲ್ ನೆಲಕ್ಕೆ ಮುಟ್ಟಿದರೆ, ಮಾಸ್ಟರ್ ಸಿಲಿಂಡರಿನ ಸೀಲು ಎಂದೂ ಹೋಗದ ತುಕ್ಕಿನ ಜಾಗಕ್ಕೆ ಹೋಗಿ ಹರಿಯುತ್ತದೆ. ಮೇಲಿನ ಡಬ್ಬಿ ಖಾಲಿಯಾಗದಂತೆ ನೋಡುತ್ತಿರಿ.

ನಮ್ಮಲ್ಲಿ ಎಲ್ಲರೂ ಇದನ್ನು ಬ್ರೇಕ್ ಆಯಿಲ್ ಅನ್ನುತ್ತಾರೆ. ಆ ಹೆಸರಿನಿಂದಲೇ ಅನಾಹುತ ಆಗಿರುವುದನ್ನು ನೋಡಿದ್ದೇನೆ. ಅದು ಆಯಿಲ್ ಅಲ್ಲ. ಒಬ್ಬರು ಡಬ್ಬಿಯಲ್ಲಿ ಕಮ್ಮಿಯಾಗಿದೆ ಅಂತ ಪವರ್ ಸ್ಟೀರಿಂಗ್ ಆಯಿಲ್ ಸುರಿದಿದ್ದರು. ಒಳಗಿನ ಎಲ್ಲ ರಬ್ಬರ್ ಸೀಲೂ ಊದಿಕೊಂಡಿತ್ತು. ಮಾಸ್ಟರ್ ಸಿಲಿಂಡರಿನಿಂದ ಹಿಡಿದು ನಾಲ್ಕೂ ಚಕ್ರದ ತನಕ ಬದಲಾಯಿಸಬೇಕಾಯಿತು. ಡಬ್ಬಿಯ ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಅಂತ ಬರೆದಿರುತ್ತದೆ, ಅದನ್ನೇ ಹಾಕಿ. ಡಾಟ್ 5 ಬೇಡ, ಅದು ಸಿಲಿಕೋನ್. ಹೋದ ವರ್ಷ ಉಳಿದ ಅರ್ಧ ಬಾಟಲಿಯೂ ಬೇಡ. ಇದು ಗಾಳಿಯ ತೇವ ಕುಡಿಯುತ್ತದೆ. ಹೊಸ ಡಾಟ್ 3 ಕುದಿಯಲು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಬೇಕು, ತೇವ ಕುಡಿದದ್ದಕ್ಕೆ ಆ ಮಿತಿ 140. ಬೆಟ್ಟದ ಇಳಿಜಾರಿನಲ್ಲಿ ಬ್ರೇಕ್ ಒತ್ತುತ್ತಾ ಬಂದರೆ ಫ್ಲೂಯಿಡ್ ಕುದಿಯುತ್ತದೆ, ಪೆಡಲ್ ಸ್ಪಂಜಿನಂತಾಗುತ್ತದೆ. ತೆಗೆದ ಹಳೆಯದನ್ನು ಮೋರಿಗೆ ಸುರಿಯಬೇಡಿ, ಅದು ರಾಜಕಾಲುವೆ ಹಿಡಿದು ಯಾವುದೋ ಕೆರೆ ಸೇರುತ್ತದೆ. ಬಾಟಲಿಯಲ್ಲಿ ತುಂಬಿ ಗ್ಯಾರೇಜಿಗೆ ಕೊಡಿ.

ನಿಮ್ಮಂತೆ ಯೋಚಿಸುವ, ಆದರೆ ಬೇರೆ ಕಾರು ಇರುವ ಓದುಗರಿಗೆ ಒಂದು ಮಾತು. ಹಿಂದೆಯೂ ಡಿಸ್ಕ್ ಇದ್ದು ಹ್ಯಾಂಡ್‌ಬ್ರೇಕ್ ಅದೇ ಕ್ಯಾಲಿಪರಿನಲ್ಲಿ ಇದ್ದರೆ ಸಿ ಕ್ಲಾಂಪ್ ಹಾಕಲೇಬೇಡಿ. ಆ ಪಿಸ್ಟನ್ ತಿರುಗುತ್ತಾ ಒಳಗೆ ಹೋಗುವಂಥದ್ದು. ಬರೀ ಒತ್ತಿದರೆ ಒಳಗಿನ ಹ್ಯಾಂಡ್‌ಬ್ರೇಕ್ ಭಾಗ ಮುರಿಯುತ್ತದೆ. ತಿರುಗಿಸುವ ಟೂಲ್ ಎರವಲು ತರಲು ಯೋಗ್ಯವಾದದ್ದು, ನಾಲ್ಕು ವರ್ಷಕ್ಕೊಮ್ಮೆ ಬೇಕಾಗುವುದನ್ನು ಕೊಂಡು ಇಡುವುದೇಕೆ? ಬಟನ್ ಒತ್ತುವ ಹ್ಯಾಂಡ್‌ಬ್ರೇಕ್ ಇದ್ದರೆ ಸ್ಕ್ಯಾನರ್ ಹಾಕಿ ಸರ್ವಿಸ್ ಮೋಡಿಗೆ ತಂದ ಮೇಲೇ ಕೈ ಹಾಕಬೇಕು. ಎಬಿಎಸ್ ಇರುವ ಕಾರಿನಲ್ಲಿ ಡಬ್ಬಿ ಖಾಲಿಯಾಗಿ ಗಾಳಿ ಎಬಿಎಸ್ ಘಟಕದೊಳಗೆ ಹೋದರೆ ಅದನ್ನು ತೆಗೆಯಲೂ ಎಷ್ಟೋ ಸಲ ಸ್ಕ್ಯಾನರ್ ಬೇಕಾಗುತ್ತದೆ.

ಎಲ್ಲ ಜೋಡಿಸಿದ ಮೇಲೆ, ಕಾರು ಅಲ್ಲಾಡಿಸುವ ಮೊದಲು ಪೆಡಲನ್ನು ಹತ್ತು ಸಲ ನಿಧಾನವಾಗಿ ಒತ್ತಿ. ಒಳಗೆ ತಳ್ಳಿದ ಪಿಸ್ಟನ್ ಪ್ಯಾಡ್ ಮುಟ್ಟುವ ತನಕ ಬ್ರೇಕ್ ಇರುವುದೇ ಇಲ್ಲ. ಇದನ್ನು ಮರೆತು ಗೇಟಿಗೆ ಗುದ್ದಿದ ಕಾರು ನನ್ನ ಕಣ್ಣ ಮುಂದೆಯೇ ಇದೆ. ಪೆಡಲ್ ಗಟ್ಟಿಯಾದ ಮೇಲೆ ಇಂಜಿನ್ ಚಾಲೂ ಮಾಡಿ ಒಂದು ನಿಮಿಷ ಒತ್ತಿ ಹಿಡಿಯಿರಿ. ಮೊದಲು ಸ್ವಲ್ಪ ಇಳಿದು ನಿಲ್ಲಬೇಕು, ಆಮೇಲೂ ಇಳಿಯುತ್ತಲೇ ಹೋದರೆ ಎಲ್ಲೋ ಲೀಕ್ ಇದೆ. ಪ್ರತಿ ನಟ್ಟಿನ ಕೆಳಗೆ ಒಣ ಟಿಶ್ಯೂ ಒತ್ತಿ ನೋಡಿ. ಆಮೇಲೆ ಭಾನುವಾರ ಬೆಳಗ್ಗೆ ಆರಕ್ಕೆ, ಬಡಾವಣೆಯ ಖಾಲಿ ರಸ್ತೆಯಲ್ಲಿ, ಮೊದಲು ನಡಿಗೆಯ ವೇಗದಲ್ಲಿ ಪರೀಕ್ಷೆ ಮಾಡಿ. ಸರಿ ಅನಿಸಿದರೆ 50ರಿಂದ 10ಕ್ಕೆ ಎಂಟು ಹತ್ತು ಸಲ ನಿಧಾನ ಮಾಡಿ, ನಡುನಡುವೆ ಆರಲು ಬಿಡಿ. ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳುತ್ತದೆ.

ಹಾಗಾದರೆ ನೀವು ಕೊಳ್ಳಬೇಕಾದ್ದು ಜಾಕ್ ಸ್ಟ್ಯಾಂಡ್, ಫ್ಲೇರ್ ನಟ್ ಸ್ಪ್ಯಾನರ್, ಸಿ ಕ್ಲಾಂಪ್, ಬ್ರೇಕಿನ ಗ್ರೀಸ್. ಎರವಲಿಗೆ ಟಾರ್ಕ್ ರೆಂಚ್. ಸಿರಿಂಜು, ಟ್ಯೂಬ್, ಹಗ್ಗ, ನಾಣ್ಯಕ್ಕೆಲ್ಲ ನೂರಿನ್ನೂರು ಸಾಕು. ಮೊದಲ ಭಾನುವಾರ ಮುಂದಿನ ಪ್ಯಾಡ್ ಮಾತ್ರ ಮಾಡಿ, ಹಿಂದಿನ ಕೆಲಸ ಮುಂದಿನ ವಾರಕ್ಕೆ ಇರಲಿ. ಕಾರು ಹೇಗೂ ನಿಂತಿರುತ್ತದೆ. ಅಷ್ಟರಲ್ಲಿ ಎಡ ಹಿಂಚಕ್ರದ ಹಿಂಭಾಗದಲ್ಲಿ ಪೈಪ್ ಸೇರುವ ಜಾಗವನ್ನು ಬ್ರಷ್ಷಿನಲ್ಲಿ ಉಜ್ಜಿ, ಹತ್ತಿರದಿಂದ ಒಂದು ಫೋಟೋ ತೆಗೆದು ಕಳಿಸಿ. ಆ ನಟ್ಟಿನ ತುಕ್ಕು ನೋಡಿದರೆ, ಸ್ಪ್ಯಾನರ್ ಹಾಕಬಹುದೇ ಅಥವಾ ಮುಟ್ಟದೆ ಬಿಡುವುದು ಒಳ್ಳೆಯದೇ ಅಂತ ಹೇಳುತ್ತೇನೆ.